ಇಬ್ಬರ ಊಟವೂ ನಮ್ಮ ಮಕ್ಕಳ ತೂಕವೂ

(ಹೊಸಪೇಟೆಯಲ್ಲಿ ಜರುಗಿದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂಥ ಸಭೆಗಳಲ್ಲಿ ಶಿಕ್ಷಣ, ಉದ್ಯೋಗ, ವರದಕ್ಷಿಣೆ, ಚುನಾವಣೆ ಮುಂತಾದ ವಿಷಯಗಳ ಕುರಿತು ಮಾತಾಡುವುದು ವಾಡಿಕೆ. ಗರ್ಭಿಣಿಯ ತೂಕದ ಕುರಿತು ಮಾತಾಡುವುದು ವಾಡಿಕೆಯಲ್ಲ. ಗಂಡಸರಾದ ನಾವು ಆ ಮಾತೆತ್ತಿದರೆ ಕೆಲವರಿಗೆ ಮುಜುಗರವಾಗಲೂಬಹುದು. ಅದು ಹೆಂಗಸರ ವಿಷಯ, ಅಡುಗೆ ಮನೆಯ ವಿಷಯ, ಅತ್ತೆ ಮತ್ತು ಅಮ್ಮಿ ನೋಡಿಕೊಳ್ಳುತ್ತಾರೆ ಎಂದು ನಾವು ಬಹುಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಆ ನಂಬಿಕೆಯಿಂದ ನಮ್ಮ ಮಕ್ಕಳು ಯಾವ ಬೆಲೆ ತೆರುತ್ತಿದ್ದಾರೆ ಎಂಬುದನ್ನು ಹೇಳುವ ಸಲುವಾಗಿಯೇ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇವೆ.

ನಮ್ಮ ಮೊಹಲ್ಲಾಗಳ ಒಂದು ಸಾಮಾನ್ಯ ದೃಶ್ಯವನ್ನು ನೆನಪಿಸಿಕೊಳ್ಳಿ. ಮಗಳು ಮೊದಲ ಬಾರಿ ಗರ್ಭಿಣಿಯಾಗಿದ್ದಾಳೆ. ಏಳನೇ ತಿಂಗಳ ಶಾಸ್ತ್ರ ಮುಗಿಸಿ ಅವಳನ್ನು ತವರಿಗೆ ಕರೆತರಲಾಗುತ್ತದೆ. ಅಂದಿನಿಂದ ಅವಳ ತಟ್ಟೆ ಬರಿದಾಗುವುದೇ ಇಲ್ಲ. ‘ನೀನೀಗ ಒಬ್ಬಳಲ್ಲ, ಇಬ್ಬರ ಊಟ ಮಾಡಬೇಕು’ ಎಂದು ಅಮ್ಮಿ ಹೇಳುತ್ತಾಳೆ. ನಾನಿ ತುಪ್ಪ ಸುರಿಯುತ್ತಾಳೆ. ನೋಡಲು ಬಂದವರೆಲ್ಲ ಸಿಹಿ ತರುತ್ತಾರೆ. ಮೆಟ್ಟಿಲು ಹತ್ತಬೇಡ, ಬಗ್ಗಬೇಡ, ಮಲಗಿಕೋ ಎಂಬ ಉಪಚಾರ ಬೇರೆ. ಅದೇ ಗಲ್ಲಿಯ ಇನ್ನೊಂದು ಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಮಾತು ಕೇಳಿಬರುತ್ತದೆ. ‘ಹೆಚ್ಚು ತಿಂದರೆ ಮಗು ದೊಡ್ಡದಾಗುತ್ತದೆ, ಆಪರೇಷನ್ ಆಗುತ್ತದೆ’ ಎಂದು ಹೆದರಿಸಿ ಅವಳ ಅನ್ನವನ್ನೇ ಕಡಿಮೆ ಮಾಡಲಾಗುತ್ತದೆ. ಎರಡೂ ಮನೆಗಳಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಎರಡೂ ಮನೆಗಳಲ್ಲಿ ಆಕೆಯ ತೂಕ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ಕೇಳುವವರಿಲ್ಲ.

ಪರರ ಮನೆಯ ಕಥೆ ಹೇಳುವುದಕ್ಕಿಂತ ನಮ್ಮ ಮನೆಯದನ್ನೇ ಹೇಳುವುದು ನ್ಯಾಯ. ನಮ್ಮ ತಂಗಿಯನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಅವಳ ಮೊದಲ ಗರ್ಭದ ಏಳನೇ ತಿಂಗಳಲ್ಲಿ ಹೊಸಪೇಟೆಗೆ ಕರೆತಂದೆವು. ಬಟ್ಟೆಬರೆ ಬಂತು, ಒಡವೆ ಬಂತು. ಆದರೆ ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟಿದ್ದ ತಾಯಿ ಕಾರ್ಡು ಕಂಪ್ಲಿಯ ಕಪಾಟಿನಲ್ಲೇ ಉಳಿಯಿತು. ಆ ತಿಂಗಳಲ್ಲಿ ಆಗಬೇಕಿದ್ದ ರಕ್ತದ ಸಕ್ಕರೆಯ ಪರೀಕ್ಷೆ ಅತ್ತೆಮನೆಯಲ್ಲೂ ಆಗಲಿಲ್ಲ, ತವರಲ್ಲೂ ಆಗಲಿಲ್ಲ. ಅಲ್ಲಿ ಮಾಡಿಸಿರಬಹುದೆಂದು ನಾವು ಭಾವಿಸಿದೆವು, ಇಲ್ಲಿ ಮಾಡಿಸುತ್ತಾರೆಂದು ಅವರು ಭಾವಿಸಿದರು. ಪ್ರತಿದಿನ ಸಂಜೆ ಕಚೇರಿಯಿಂದ ಬರುವಾಗ ಬೇಕರಿಯ ಪೊಟ್ಟಣ ತರುತ್ತಿದ್ದವರು ಬೇರೆ ಯಾರೂ ಅಲ್ಲ, ನಾವೇ. ಎಂಟನೇ ತಿಂಗಳ ಕೊನೆಗೆ ವೈದ್ಯೆಯ ಬಳಿ ಹೋದಾಗ ತೂಕ 19 ಕೆ.ಜಿ. ಏರಿತ್ತು, ಸಕ್ಕರೆಯೂ ಏರಿತ್ತು. ಶಸ್ತ್ರಚಿಕಿತ್ಸೆಯ ಮೂಲಕ ಹುಟ್ಟಿದ ಮಗುವಿನ ತೂಕ 4 ಕೆ.ಜಿ. 100 ಗ್ರಾಂ. ‘ಮಾಷಾ ಅಲ್ಲಾಹ್, ಎಷ್ಟು ಗುಂಡುಗುಂಡಾದ ಮಗು!’ ಎಂದು ಇಡೀ ಮೊಹಲ್ಲಾ ಸಂಭ್ರಮಿಸಿತು. ನಾವೂ ಸಂಭ್ರಮಿಸಿದೆವು.

ಆ ಮಗುವಿಗೆ ಈಗ ಒಂಬತ್ತು ವರ್ಷ. ಶಾಲೆಯ ಸಮವಸ್ತ್ರ ಅವನ ವಯಸ್ಸಿನ ಅಳತೆಯಲ್ಲಿ ಸಿಗುವುದಿಲ್ಲ, ದರ್ಜಿಯ ಬಳಿ ಬೇರೆಯಾಗಿ ಹೊಲಿಸಬೇಕು. ಸಹಪಾಠಿಗಳು ಅವನಿಗಿಟ್ಟಿರುವ ಅಡ್ಡಹೆಸರನ್ನು ಈ ವೇದಿಕೆಯಲ್ಲಿ ಹೇಳಲು ನಮಗೆ ಮನಸ್ಸಿಲ್ಲ. ಅವನ ತಾಯಿ ಮೂವತ್ತು ದಾಟುವ ಮೊದಲೇ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿದ್ದಾಳೆ. ಗರ್ಭದ ಆ ತಿಂಗಳುಗಳೊಂದೇ ಇದಕ್ಕೆಲ್ಲ ಕಾರಣವೆಂದು ನಾವು ಹೇಳುತ್ತಿಲ್ಲ. ಆದರೆ ತಡೆಯಬಹುದಾಗಿದ್ದ ಒಂದು ಅವಕಾಶವನ್ನು ಎರಡು ಮನೆಗಳ ಹಿರಿಯರು ಸೇರಿ ಕೈಚೆಲ್ಲಿದೆವು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಗರ್ಭದಲ್ಲಿ ನಡೆದದ್ದು ಒಂಬತ್ತು ವರ್ಷಗಳ ಬಳಿಕ ಮಗುವಿನ ಸೊಂಟದಲ್ಲಿ ಕಾಣಿಸಿಕೊಳ್ಳಲು ಸಾಧ್ಯವೇ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಬಹುದು. ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮದೇ ರಾಜ್ಯದ ಸಂಶೋಧಕರು ಮುಂಚೂಣಿಯಲ್ಲಿದ್ದಾರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಿದೆ. ಜನ ಅದನ್ನು ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದ ಹಳೆಯ ದಾಖಲೆಗಳು ಸಂಶೋಧಕರಿಗೆ ದೊರೆತವು. ಆ ಮಕ್ಕಳು ಮಧ್ಯವಯಸ್ಸು ದಾಟಿದ ಬಳಿಕ ಅವರನ್ನು ಹುಡುಕಿ ಪರೀಕ್ಷಿಸಲಾಯಿತು. 1996ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ಹೃದಯದ ಕಾಯಿಲೆ ಶೇ. 11ರಷ್ಟಿದ್ದರೆ, ಮೂರು ಕೆ.ಜಿ.ಗಿಂತ ಹೆಚ್ಚಿದ್ದವರಲ್ಲಿ ಶೇ. 3ರಷ್ಟಿತ್ತು. ಅರ್ಥಾತ್, ಗರ್ಭದಲ್ಲಿ ಹಸಿದ ಮಗುವಿಗೆ ಮುಂದೆ ಅಪಾಯವಿದೆ. ಸೊಸೆಯ ಅನ್ನ ಕಡಿಮೆ ಮಾಡುವ ಮನೆಯವರು ಇದನ್ನು ಗಮನಿಸಬೇಕು.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಇನ್ನೊಂದು ಅಧ್ಯಯನ ಆರಂಭವಾಯಿತು. ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಸಕ್ಕರೆ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷ ವರ್ಷ ಹಿಂಬಾಲಿಸಿ ಅಳೆಯಲಾಯಿತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಇದರ ವರದಿಗಳನ್ನು ಪ್ರಕಟಿಸಿದರು. ಗರ್ಭಾವಧಿಯ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವರ್ಷಕ್ಕೇ ಚರ್ಮದಡಿಯ ಕೊಬ್ಬು ಇತರರಿಗಿಂತ ಹೆಚ್ಚಾಗಿತ್ತು. ಒಂಬತ್ತೂವರೆ ವರ್ಷದ ಹೊತ್ತಿಗೆ ಮಕ್ಕಳ ಕೊಬ್ಬು ಮಾತ್ರವಲ್ಲ, ರಕ್ತದ ಸಕ್ಕರೆ ಮತ್ತು ಇನ್ಸುಲಿನ್ ಪ್ರಮಾಣವೂ ಹೆಚ್ಚಾಗಿತ್ತು. ತಂದೆಗೆ ಮಧುಮೇಹವಿದ್ದ ಮಕ್ಕಳಲ್ಲಿ ಈ ಪರಿಣಾಮ ಅಷ್ಟು ಬಲವಾಗಿರಲಿಲ್ಲ. ಅಂದರೆ ಇದು ವಂಶದಿಂದ ಬಂದದ್ದು ಮಾತ್ರವಲ್ಲ, ಗರ್ಭದೊಳಗಿನ ವಾತಾವರಣದ ಪಾಲೂ ಇದರಲ್ಲಿದೆ.

ಇದರ ಕಾರಣ ತಿಳಿಯಲು ಕಷ್ಟವೇನಿಲ್ಲ. ತಾಯಿಯ ರಕ್ತದಲ್ಲಿರುವ ಸಕ್ಕರೆಯು ಮಾಸಿನ ಮೂಲಕ ಮಗುವಿಗೆ ದಾಟುತ್ತದೆ, ಆದರೆ ಅವಳ ಇನ್ಸುಲಿನ್ ದಾಟುವುದಿಲ್ಲ. ಸಕ್ಕರೆ ಹೆಚ್ಚಾಗಿ ಬಂದಾಗ ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿಯೇ ದುಡಿದು ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಆಗ ಉಳಿದ ಸಕ್ಕರೆ ಕೊಬ್ಬಾಗಿ ಶೇಖರವಾಗುತ್ತದೆ. ನಾವು ‘ಗುಂಡುಗುಂಡಾದ ಮಗು’ ಎಂದು ಸಂಭ್ರಮಿಸಿದ್ದು ಹಲವು ಬಾರಿ ಈ ಕೊಬ್ಬನ್ನೇ.

ಇಷ್ಟಾಗಿಯೂ ಒಂದು ವಿಷಯದಲ್ಲಿ ನಾವು ಪ್ರಾಮಾಣಿಕರಾಗಿರಬೇಕು. ತಾಯಿಯ ತೂಕ ಏರಿದ ಮಾತ್ರಕ್ಕೆ ಮಗು ಬೊಜ್ಜಿಗೆ ತುತ್ತಾಗುತ್ತದೆ ಎಂದು ಹೆದರಿಸುವುದು ಸರಿಯಲ್ಲ. ಅಮೆರಿಕದ ಆರ್ಕಾನ್ಸಾಸ್ ರಾಜ್ಯದಲ್ಲಿ ಸುಮಾರು 42 ಸಾವಿರ ತಾಯಂದಿರ 91 ಸಾವಿರ ಮಕ್ಕಳ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅದು ಒಬ್ಬಳೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿತು. ಮನೆ ಒಂದೇ, ಅಡುಗೆ ಒಂದೇ, ತಾಯಿಯೂ ಒಬ್ಬಳೇ. ಆದರೂ ಯಾವ ಗರ್ಭದಲ್ಲಿ ಆಕೆಯ ತೂಕ ಹೆಚ್ಚು ಏರಿತ್ತೋ ಆ ಮಗುವಿನ ತೂಕ ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿ ತುಸು ಹೆಚ್ಚಾಗಿತ್ತು. ವ್ಯತ್ಯಾಸ ಇದ್ದದ್ದು ನಿಜ, ಆದರೆ ಚಿಕ್ಕದು. ಹಾಗಿರುವಾಗ ಇದಕ್ಕೆ ಇಷ್ಟೊಂದು ಮಹತ್ವವೇಕೆ? ಏಕೆಂದರೆ ನಮ್ಮ ದೇಶದ ಮಗುವಿನ ದೇಹವೇ ಬೇರೆ ಬಗೆಯದು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡವು ಪುಣೆ ಸಮೀಪದ ಹಳ್ಳಿಗಳ ನವಜಾತ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ನಗರದ ಶಿಶುಗಳೊಂದಿಗೆ ಹೋಲಿಸಿತು. ನಮ್ಮ ಶಿಶುಗಳ ಸರಾಸರಿ ತೂಕ 2.7 ಕೆ.ಜಿ., ಅಲ್ಲಿಯದು 3.5 ಕೆ.ಜಿ. ಆದರೆ ಸ್ನಾಯುವಿನಲ್ಲಿ ಬಡವಾಗಿದ್ದ ನಮ್ಮ ಶಿಶುಗಳು ಕೊಬ್ಬಿನಲ್ಲಿ ಅಷ್ಟು ಬಡವಾಗಿರಲಿಲ್ಲ. ಕೃಶವಾಗಿ ಕಾಣುವ, ಒಳಗೆ ಕೊಬ್ಬಿರುವ ದೇಹವಿದು. ಇಂಥ ದೇಹಕ್ಕೆ ಚಿಕ್ಕ ಹೊರೆಯೂ ದೊಡ್ಡದಾಗುತ್ತದೆ. ಆದ್ದರಿಂದ ‘ನಮ್ಮ ಸೊಸೆ ಸಣ್ಣಗಿದ್ದಾಳೆ, ಅವಳಿಗೇಕೆ ಸಕ್ಕರೆ ಪರೀಕ್ಷೆ’ ಎಂಬ ವಾದಕ್ಕೂ ಅರ್ಥವಿಲ್ಲ.

ಇನ್ನು ನಮ್ಮ ರಾಜ್ಯದ ಸ್ಥಿತಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 30 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜಿದೆ. ಸುಮಾರು ಶೇ. 17 ಮಂದಿ ಇರಬೇಕಾದ ತೂಕಕ್ಕಿಂತ ಕಡಿಮೆಯಿದ್ದಾರೆ. ಎರಡೂ ಸಮಸ್ಯೆಗಳು ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿವೆ. ಮಕ್ಕಳ ವಿಷಯದಲ್ಲಂತೂ ಜಗತ್ತೇ ತಲೆಕೆಳಗಾಗಿದೆ. 5ರಿಂದ 19 ವಯಸ್ಸಿನವರಲ್ಲಿ ಬೊಜ್ಜಿನ ಪ್ರಮಾಣವು ಕಡಿಮೆ ತೂಕದ ಪ್ರಮಾಣವನ್ನು ಮೀರಿದೆಯೆಂದು ಯುನಿಸೆಫ್ 2025ರಲ್ಲಿ ಹೇಳಿತು. ಇದೇ ವಯಸ್ಸಿನ ಸುಮಾರು 1.25 ಕೋಟಿ ಭಾರತೀಯ ಮಕ್ಕಳಿಗೆ 2022ರಲ್ಲಿ ಬೊಜ್ಜಿತ್ತೆಂದು ಅಂತಾರಾಷ್ಟ್ರೀಯ ಲೆಕ್ಕಾಚಾರವೊಂದು ತಿಳಿಸಿತು.

ಹಾಗಾದರೆ ಗರ್ಭಿಣಿಯ ತೂಕ ಎಷ್ಟು ಏರಬೇಕು? ಎಲ್ಲರಿಗೂ ಒಂದೇ ಅಳತೆಯಿಲ್ಲ. ಅಮೆರಿಕದ ವೈದ್ಯಕೀಯ ಸಂಸ್ಥೆಯು 2009ರಲ್ಲಿ ನೀಡಿದ ಮಾರ್ಗಸೂಚಿಯಲ್ಲಿ ತೀರಾ ತೆಳ್ಳಗಿರುವವರಿಗೆ 12.5ರಿಂದ 18 ಕೆ.ಜಿ., ಮೊದಲೇ ಬೊಜ್ಜಿರುವವರಿಗೆ 5ರಿಂದ 9 ಕೆ.ಜಿ. ಎಂದಿದೆ. ನಮ್ಮ ದೇಶದ ಪೋಷಣಾ ತಜ್ಞರು ಸಾಮಾನ್ಯ ತೂಕದ ಮಹಿಳೆಗೆ 10ರಿಂದ 12 ಕೆ.ಜಿ. ಏರಿಕೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅದಕ್ಕೆ ನಾಲ್ಕನೇ ತಿಂಗಳಿನಿಂದ ದಿನಕ್ಕೆ ಹೆಚ್ಚುವರಿಯಾಗಿ ಬೇಕಾದದ್ದು 350 ಕ್ಯಾಲೊರಿ. ಈ 350 ಕ್ಯಾಲೊರಿ ಎಂದರೆ ಎಷ್ಟು? ಒಂದು ಜೋಳದ ರೊಟ್ಟಿ, ಒಂದು ಸಣ್ಣ ಹಿಡಿ ಶೇಂಗಾ ಮತ್ತು ಅರ್ಧ ಲೋಟ ಹಾಲು. ಇದೇ ಆ ‘ಇನ್ನೊಬ್ಬರ ಊಟ’! ಗರ್ಭದಲ್ಲಿರುವವನು ನಮ್ಮಂತೆ ಎರಡು ತಟ್ಟೆ ಬಿರಿಯಾನಿ ಉಣ್ಣುವವನಲ್ಲ. ಅವನಿಗೆ ಬೇಕಾದದ್ದು ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಮೀನು, ಹಾಲು. ಸಕ್ಕರೆಯೂ ಮೈದಾವೂ ಅಲ್ಲ.

ನಮ್ಮ ನೆಲಕ್ಕೆ ಇದು ಹೊಸ ಪಾಠವೇನಲ್ಲ. 16ನೇ ಶತಮಾನದಲ್ಲಿ ಹಂಪಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಇಲ್ಲಿ ದೊರೆಯುತ್ತಿದ್ದ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿಗಳ ಪಟ್ಟಿಯನ್ನೇ ಬರೆದಿಟ್ಟಿದ್ದಾನೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಬಳಿಕ ಕಂಪ್ಲಿಯ ಕಡೆಯ ಹೊಲಗಳು ಭತ್ತದ ಗದ್ದೆಗಳಾದವು. ಅದು ಸಮೃದ್ಧಿಯನ್ನು ತಂದಿತು, ನಿಜ. ಆದರೆ ನಮ್ಮ ತಟ್ಟೆಯಲ್ಲಿ ಅನ್ನದ ರಾಶಿ ದೊಡ್ಡದಾಗಿ, ಕಾಳು ಮತ್ತು ಸೊಪ್ಪು ಮೂಲೆಗೆ ಸರಿದವು. ಉಳಿದ ಜಾಗವನ್ನು ಮಿರ್ಚಿ, ಬೇಕರಿ ತಿನಿಸು ಮತ್ತು ಬಣ್ಣದ ಪಾನೀಯಗಳು ಆಕ್ರಮಿಸಿದವು.

ಮಗು ಹುಟ್ಟಿದ ಮೇಲೂ ನಮ್ಮ ತಪ್ಪು ಮುಂದುವರಿಯುತ್ತದೆ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ, ಬಳಿಕ ಮನೆಯ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೂರ್ಣ ಎರಡು ವರ್ಷ ಹಾಲುಣಿಸುವ ಪ್ರಸ್ತಾಪ ಕುರ್‌ಆನಿನಲ್ಲಿದೆ ಎಂಬುದು ನಿಮಗೆಲ್ಲ ಗೊತ್ತು. ಎದೆಹಾಲು ಕುಡಿದು ಬೆಳೆದ ಮಕ್ಕಳಲ್ಲಿ ಬೊಜ್ಜಿನ ಸಾಧ್ಯತೆ ಕಡಿಮೆಯೆಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ. ಆದರೂ ‘ಹಾಲು ಸಾಲುತ್ತಿಲ್ಲ’ ಎಂಬ ನೆಪದಲ್ಲಿ ಡಬ್ಬಿಯ ಪುಡಿ ಬರುತ್ತದೆ. ಶಿಶುವಿನ ಹಾಲಿನ ಪುಡಿಯ ಜಾಹೀರಾತನ್ನು ಈ ದೇಶದ ಕಾನೂನು 1992ರಲ್ಲೇ ನಿಷೇಧಿಸಿತು. ಆದರೆ ನೆರೆಮನೆಯವರ ಬಾಯಿಮಾತನ್ನು ಯಾವ ಕಾನೂನು ತಡೆಯಬಲ್ಲದು? ಮಗು ನಡೆಯತೊಡಗಿದ ಮೇಲೆ ಅದರ ಕೈಗೆ ಐದು ರೂಪಾಯಿಯ ಪೊಟ್ಟಣ. ಮುಂಜಾನೆ ಮದ್ರಸಾದ ಬಾಗಿಲಲ್ಲಿ ನಿಂತು ನೋಡಿ. ಪಾಠ ಮುಗಿಸಿ ಹೊರಬರುವ ಎಷ್ಟು ಮಕ್ಕಳ ಕೈಯಲ್ಲಿ ಆ ಪೊಟ್ಟಣಗಳಿರುತ್ತವೆ!

ಇಲ್ಲಿ ರಾಜಕೀಯದ ಮಾತನ್ನೂ ಹೇಳಬೇಕಾಗಿದೆ. 2021ರ ಡಿಸೆಂಬರ್‌ನಲ್ಲಿ ಬಳ್ಳಾರಿಯೂ ಸೇರಿದಂತೆ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ಎಷ್ಟು ದೊಡ್ಡ ವಿವಾದ ನಡೆಯಿತು! ಬಡ ಮಗುವಿನ ತಟ್ಟೆಯ ಒಂದು ಮೊಟ್ಟೆಗೆ ಧರ್ಮದ ಬಣ್ಣ ಬಳಿಯಲಾಯಿತು. ಆದರೆ ಸಕ್ಕರೆ, ಉಪ್ಪು, ಅಗ್ಗದ ಎಣ್ಣೆ ತುಂಬಿದ ಪೊಟ್ಟಣಗಳು ಎಲ್ಲ ಧರ್ಮದವರ ಬೀದಿಗಳಲ್ಲಿ ತೂಗುತ್ತಿದ್ದರೂ ಅವುಗಳ ವಿರುದ್ಧ ಒಂದು ಮೆರವಣಿಗೆಯೂ ಹೊರಡುವುದಿಲ್ಲ. ಅಂದಹಾಗೆ, ನಮ್ಮ ಪಕ್ಕದ ಸಂಡೂರಿನ ಮಣ್ಣಿನಿಂದ ಎಷ್ಟು ಅದಿರು ಹೋಯಿತೆಂಬುದನ್ನು ನಾವು ಕಣ್ಣಾರೆ ಕಂಡವರು. ಗಣಿ ಬಾಧಿತ ಪ್ರದೇಶಗಳ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಬೇಕೆಂದು 2015ರಲ್ಲಿ ಕಾನೂನಿಗೆ ತಿದ್ದುಪಡಿ ತರಲಾಯಿತು. ಆರೋಗ್ಯ ಹಾಗೂ ಮಹಿಳೆಯರ, ಮಕ್ಕಳ ಕಲ್ಯಾಣ ಆ ನಿಧಿಯ ಆದ್ಯತೆಗಳಲ್ಲಿ ಸೇರಿವೆ. ಪ್ರತಿ ಅಂಗನವಾಡಿಗೂ ಸರಿಯಾಗಿ ತೂಗುವ ಯಂತ್ರ, ಪ್ರತಿ ಆರೋಗ್ಯ ಕೇಂದ್ರದಲ್ಲೂ ತಪ್ಪದೆ ಸಕ್ಕರೆ ಪರೀಕ್ಷೆ, ತಾಲೂಕು ಆಸ್ಪತ್ರೆಗೊಬ್ಬ ಆಹಾರ ತಜ್ಞೆ, ಮಹಿಳೆಯರು ನಿರ್ಭೀತಿಯಿಂದ ನಡೆದಾಡಬಹುದಾದ ಒಂದು ಉದ್ಯಾನ - ಇಷ್ಟನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಮತ ಕೇಳಲು ಬರುವವರ ಮುಂದೆ ಈ ಬೇಡಿಕೆಯನ್ನು ನಾವು ಎಂದಾದರೂ ಇಟ್ಟಿದ್ದೇವೆಯೇ?

ಸರಕಾರ ಮಾಡಿದ್ದನ್ನು ಬಳಸಿಕೊಳ್ಳುವುದರಲ್ಲೂ ನಾವು ಹಿಂದಿದ್ದೇವೆ. ಗರ್ಭಿಣಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯು 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಆರಂಭವಾಯಿತು. ‘ನಮ್ಮ ಮನೆಯ ಸೊಸೆ ಅಂಗನವಾಡಿಯಲ್ಲಿ ಉಣ್ಣುವುದೇ?’ ಎಂದು ಮೂಗು ಮುರಿದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಮನೆಯಲ್ಲಿ ಅವಳು ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಉಂಡರೆ ಮರ್ಯಾದೆಗೆ ಕುಂದಿಲ್ಲ, ಅಂಗನವಾಡಿಯಲ್ಲಿ ಬಿಸಿ ಊಟ ಮಾಡಿದರೆ ಕುಂದು! ಇದೆಂಥ ಮರ್ಯಾದೆ?

ಈಗ ಮುಖ್ಯ ವಿಷಯಕ್ಕೆ ಬರೋಣ. ಇಷ್ಟೆಲ್ಲ ಕೇಳಿದ ಮೇಲೆ ಯಾರಾದರೂ ಮನೆಗೆ ಹೋಗಿ ‘ನೀನು ಹೆಚ್ಚು ತಿಂದದ್ದರಿಂದಲೇ ಮಗು ಹೀಗಾಯಿತು’ ಎಂದು ಹೆಂಡತಿಯನ್ನು ಅಥವಾ ಸೊಸೆಯನ್ನು ದೂರಿದರೆ ಈ ಭಾಷಣ ವ್ಯರ್ಥವಾದಂತೆ. ಅವಳ ತಟ್ಟೆಗೆ ಬಡಿಸಿದವರು ಯಾರು? ಸಂತೆಯಿಂದ ತಂದವರು ಯಾರು? ನಡೆಯಬೇಡ, ಮಲಗು ಎಂದವರು ಯಾರು? ವೈದ್ಯರ ಬಳಿ ಯಾವಾಗ ಹೋಗಬೇಕೆಂದು ನಿರ್ಧರಿಸುವವರು ಯಾರು? ನಮ್ಮ ಹೆಚ್ಚಿನ ಮನೆಗಳಲ್ಲಿ ಈ ಯಾವ ಪ್ರಶ್ನೆಗೂ ‘ಅವಳೇ’ ಎಂಬ ಉತ್ತರವಿಲ್ಲ. ನಿರ್ಧಾರ ನಮ್ಮದು, ಅಪವಾದ ಅವಳದು ಎಂಬುದು ಅನ್ಯಾಯ.

ಆದ್ದರಿಂದ ಹೊಣೆ ಹೊರಬೇಕಾದವರು ಮನೆಯ ಹಿರಿಯರು ಮತ್ತು ಗಂಡ. ಅದಕ್ಕೊಂದು ಸುಲಭ ದಾರಿಯಿದೆ. ಗರ್ಭಿಣಿಯ ಸಕ್ಕರೆಯನ್ನು ಎರಡು ಬಾರಿ ಪರೀಕ್ಷಿಸಬೇಕೆಂದು ಕೇಂದ್ರ ಸರಕಾರದ ಮಾರ್ಗಸೂಚಿ ಹೇಳುತ್ತದೆ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೇ ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆಗಳ ಬಳಿಕ ರಕ್ತ ಪರೀಕ್ಷಿಸುತ್ತಾರೆ. ಸಕ್ಕರೆ 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚಿಕಿತ್ಸೆ ಬೇಕು. ಹೆಚ್ಚಿನವರಿಗೆ ಆಹಾರದ ನಿಯಂತ್ರಣ ಮತ್ತು ನಡಿಗೆಯಿಂದಲೇ ಅದು ಹತೋಟಿಗೆ ಬರುತ್ತದೆ. ಈ 24ರಿಂದ 28ನೇ ವಾರ ಎಂದರೆ ಯಾವಾಗ? ಸರಿಯಾಗಿ ಏಳನೇ ತಿಂಗಳ ಶಾಸ್ತ್ರದ ಸಮಯ! ನಮ್ಮ ತಂಗಿಯ ಪರೀಕ್ಷೆ ತಪ್ಪಿಹೋದದ್ದು ಆ ಓಡಾಟದಲ್ಲೇ. ಹೀಗಾಗಿ ನಮ್ಮ ಮೊದಲ ವಿನಂತಿ ಇಷ್ಟೇ: ಶಾಸ್ತ್ರದ ದಿನ ಗೊತ್ತುಮಾಡುವ ಮುನ್ನ ಸಕ್ಕರೆ ಪರೀಕ್ಷೆಯಾಗಲಿ. ಮಗಳೊಂದಿಗೆ ತಾಯಿ ಕಾರ್ಡು ತವರಿಗೆ ಬರಲಿ. ಒಡವೆಯ ಪೆಟ್ಟಿಗೆ ಮರೆತರೂ ಚಿಂತೆಯಿಲ್ಲ, ಕಾರ್ಡು ಮರೆಯಬಾರದು.

ಎರಡನೆಯ ವಿನಂತಿ ಗಂಡಂದಿರಿಗೆ. ಪ್ರತಿ ತಿಂಗಳೂ ಆ ಕಾರ್ಡನ್ನು ಕೈಗೆತ್ತಿಕೊಂಡು ಓದಿರಿ. ತೂಕ ಏರುತ್ತಿಲ್ಲವಾದರೂ, ಒಮ್ಮೆಗೇ ಏರುತ್ತಿದ್ದರೂ ವೈದ್ಯರನ್ನು ಕೇಳಿರಿ. ನೀವಾಗಿ ಅವಳ ಊಟ ಕಡಿತಗೊಳಿಸಬೇಡಿರಿ. ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಅರ್ಧ ಗಂಟೆ ಅವಳೊಂದಿಗೆ ನಡೆಯಿರಿ. ಬೀದಿಯಲ್ಲಿ ಅನುಕೂಲವಿಲ್ಲದಿದ್ದರೆ ಮನೆಯ ಮಾಳಿಗೆಯಿದೆ. ರಮಝಾನಿನಲ್ಲಿ ಗರ್ಭಿಣಿಗೂ ಹಾಲುಣಿಸುವವಳಿಗೂ ಉಪವಾಸವನ್ನು ಮುಂದೂಡುವ ರಿಯಾಯಿತಿಯಿದೆ. ಆಕೆ ಅದನ್ನು ಬಳಸಿಕೊಂಡಾಗ ಚುಚ್ಚುಮಾತು ಆಡದಿರುವುದೂ ನಿಮ್ಮ ಹೊಣೆ.

ಮೂರನೆಯ ವಿನಂತಿ ಅಮ್ಮಿ, ನಾನಿ, ದಾದಿಯರಿಗೆ. ಗರ್ಭಾವಧಿಯಲ್ಲಿ ಸಕ್ಕರೆ ಏರಿದ್ದವಳಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಆದ್ದರಿಂದ ಹೆರಿಗೆಯಾದ ಆರು ವಾರಗಳ ಬಳಿಕ ಮತ್ತೊಮ್ಮೆ ಪರೀಕ್ಷೆಯಾಗಬೇಕು. ಆರು ವಾರವೆಂದರೆ ನಿಮಗೆ ಚಿರಪರಿಚಿತವಾದ ನಲ್ವತ್ತು ದಿನಗಳ ಚಿಲ್ಲಾ. ಚಿಲ್ಲಾದ ಸ್ನಾನವಾಗುತ್ತಲೇ ಹೊಸ ಬಟ್ಟೆ ಉಡಿಸುತ್ತೀರಿ. ಅದೇ ವಾರ ಅವಳನ್ನು ಆಸ್ಪತ್ರೆಗೂ ಕರೆದೊಯ್ಯಿರಿ. ಬಾಣಂತನದ ಅಂಟು, ತುಪ್ಪ ಎಷ್ಟಿರಬೇಕೆಂದು ಅಲ್ಲಿಯೇ ಕೇಳಿರಿ.

ನಮ್ಮ ತಂಗಿ ಈಗ ಎರಡನೇ ಬಾರಿ ಗರ್ಭಿಣಿ. ಈ ಬಾರಿ ಅವಳ ತಾಯಿ ಕಾರ್ಡು ಭಾವನ ಅಂಗಿಯ ಜೇಬಿನಲ್ಲಿದೆ. ತಿಂಗಳ ತೂಕವನ್ನು ಅವರೇ ದೂರವಾಣಿಯಲ್ಲಿ ಓದಿ ಹೇಳುತ್ತಾರೆ. ಒಂಬತ್ತು ವರ್ಷದ ಅಳಿಯನು ಸಂಜೆ ತಾಯಿಯ ಕೈಹಿಡಿದು ಮಾಳಿಗೆಯ ಮೇಲೆ ನಡೆಯುತ್ತಾನೆ. ನಾವು ಕಂಪ್ಲಿಗೆ ಹೋಗುವಾಗ ಬೇಕರಿಯ ಮುಂದೆ ನಿಲ್ಲದೆ, ಹೊಸಪೇಟೆಯ ಮಾರುಕಟ್ಟೆಯಿಂದ ಪೇರಲ ಹಣ್ಣು ಮತ್ತು ಶೇಂಗಾ ಕೊಂಡೊಯ್ಯುತ್ತೇವೆ. ಮುಂದಿನ ತಿಂಗಳು ಅವಳಿಗೆ ಏಳು ತುಂಬುತ್ತದೆ. ಪರೀಕ್ಷೆಯ ದಿನವನ್ನು ಮೊದಲು ಗೊತ್ತುಮಾಡಿದ್ದೇವೆ, ಶಾಸ್ತ್ರದ ದಿನವನ್ನು ಆಮೇಲೆ.